ಹೋದದ್ದು ಹೋಯಿತು ಅನ್ನಬೇಡಿ

ಹುಲಜಂತಿಯ ತಮ್ಮಂದಿರಾ, ತಂಗ್ಯಂದಿರಾ,

2025ರ ಸೆಪ್ಟೆಂಬರ್ 16ರ ಸಂಜೆಯ ಸುದ್ದಿ ನಿಮಗೆಲ್ಲ ಬಾಯಿಪಾಠವಾಗಿದೆ. ಗಡಿಯಾಚೆ ಕರ್ನಾಟಕದ ಚಡಚಣದಲ್ಲಿ ಸೈನಿಕರಂಥ ಬಟ್ಟೆ ತೊಟ್ಟು, ಮುಖ ಮುಚ್ಚಿಕೊಂಡು ಬಂದವರು ಸ್ಟೇಟ್ ಬ್ಯಾಂಕಿಗೆ ನುಗ್ಗಿ, ಸಿಬ್ಬಂದಿಯ ಕೈಕಾಲು ಕಟ್ಟಿ, ಒಂದು ಕೋಟಿ ರೂಪಾಯಿಗೂ ಮೀರಿದ ನಗದು ಮತ್ತು ಸುಮಾರು 20 ಕಿಲೊ ಬಂಗಾರ ದೋಚಿದರು. ಪಂಢರಪುರದ ದಿಕ್ಕಿಗೆ ಓಡಿದ ಅವರ ಗಾಡಿ ಅಪಘಾತಕ್ಕೆ ಸಿಕ್ಕಿದ್ದು ನಮ್ಮೂರಲ್ಲಿ. ಜನ ಸೇರಿ ತಕರಾರು ಎದ್ದಾಗ ಗಾಡಿ ಬಿಟ್ಟು ಓಡಿದರು. ಕೆಲವು ದಿನಗಳ ಮೇಲೆ ನಮ್ಮೂರಿನ ಒಂದು ಪಾಳುಮನೆಯ ಮಾಳಿಗೆಯ ಮೇಲೆ ಚೀಲವೊಂದು ಪೊಲೀಸರಿಗೆ ಸಿಕ್ಕಿತು. ಅದರಲ್ಲಿ ಆರೂವರೆ ಕಿಲೊ ಬಂಗಾರ, 41 ಲಕ್ಷ ರೂಪಾಯಿ ಇತ್ತು. ಹುಲಜಂತಿಯ ಹೆಸರು ಅಷ್ಟು ದಿನ ನಮ್ಮ ದೇವರು ಮಹಾಲಿಂಗರಾಯನಿಂದ ಪತ್ರಿಕೆಗೆ ಬರುತ್ತಿತ್ತು, ಆಗ ಹೀಗೆ ಬಂತು.

ಅಂದಿನಿಂದ ಗುಡಿಯ ಕಟ್ಟೆಯಿಂದ ಹಿಡಿದು ಮಂಗಳವೇಢೆಯ ಬಸ್ ಸ್ಟ್ಯಾಂಡಿನವರೆಗೆ ಒಂದೇ ಮಾತು ಕೇಳುತ್ತಿದ್ದೇನೆ: ಕಾಲ ಕೆಟ್ಟಿತು, ನಮ್ಮ ಭಾಗ ಕಳ್ಳರ ದಾರಿಯಾಯಿತು. ನನಗೆ ಚಿಂತೆಯಾಗಿರುವುದು ಬೇರೆ ಸಂಗತಿ. ಬ್ಯಾಂಕಿನ ಬಂಗಾರಕ್ಕಾಗಿ ಎರಡು ರಾಜ್ಯಗಳ ಪೊಲೀಸರು ಹಗಲು ರಾತ್ರಿ ತಿರುಗಿದರು, ತಿರುಗಲೇಬೇಕಿತ್ತು. ಆದರೆ ವಸ್ತಿಯ ಮನೆ ಮುಂದೆ ಕಟ್ಟಿದ ಕುರಿ ರಾತ್ರೋರಾತ್ರಿ ಹೋದಾಗ, ಬಾವಿಯ ಮೋಟರಿನ ವೈರ್ ಕೊಯ್ದುಕೊಂಡು ಹೋದಾಗ, ಸಂತೆಯಲ್ಲಿ ಮೊಬೈಲ್ ಕಳೆದಾಗ ನಾವೇನು ಮಾಡುತ್ತೇವೆ? ಎರಡು ದಿನ ಬಯ್ದುಕೊಳ್ಳುತ್ತೇವೆ, ಮೂರನೆಯ ದಿನ "ಹೋದದ್ದು ಹೋಯಿತು, ಠಾಣೆ ಕಚೇರಿ ಯಾರು ತಿರುಗಬೇಕು" ಎಂದು ಕೈತೊಳೆದುಕೊಳ್ಳುತ್ತೇವೆ. ಈ ಚಟ ಬಿಡಿ ಎಂದು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ. ಹೋದದ್ದನ್ನು ಬರೆಸಿ. ಕಂಡದ್ದನ್ನು ಕಂಡಷ್ಟೇ, ಹೇಳಬೇಕಾದವರಿಗೆ, ಅವತ್ತೇ ಹೇಳಿ.

ಸರ್ಕಾರ ಪ್ರತಿವರ್ಷ ದೇಶದ ಅಪರಾಧಗಳ ಲೆಕ್ಕ ಅಚ್ಚು ಹಾಕುತ್ತದೆ. 1953ರಿಂದ ಬರುತ್ತಿರುವ ವರದಿ ಅದು. 1986ರಲ್ಲಿ ಹುಟ್ಟಿದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಈಗ ಅದನ್ನು ಹೊರತರುತ್ತದೆ. ದಿಲ್ಲಿಯಲ್ಲಿ ಕೂತವರು ಊರೂರು ತಿರುಗಿ ಕಳವು ಎಣಿಸುವುದಿಲ್ಲ. ಮಂಗಳವೇಢೆಯಂಥ ಠಾಣೆಯಲ್ಲಿ ದಾಖಲಾದ ಎಫ್‌ಐಆರ್‌ಗಳು ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ಬ್ಯೂರೊಗೆ ಹೋಗಿ ಕೂಡುತ್ತವೆ. ನೀವು ಹೇಳದ ಕಳವು ಎಲ್ಲಿಯೂ ಇಲ್ಲ. ಬರೆಸಿದ ಮೇಲೂ ಲೆಕ್ಕದ ರೀತಿ ಬೇರೆಯೇ ಇದೆ. ಒಂದು ಪ್ರಕರಣದಲ್ಲಿ ಹತ್ತು ಅಪರಾಧ ನಡೆದಿದ್ದರೂ ಎಲ್ಲಕ್ಕಿಂತ ದೊಡ್ಡದನ್ನು ಮಾತ್ರ ಎಣಿಸುತ್ತಾರೆ. ಚಡಚಣದಲ್ಲಿ ಪಿಸ್ತೂಲು ತೋರಿಸಿದ್ದು, ಕೈಕಾಲು ಕಟ್ಟಿದ್ದು, ನೂರಾರು ಜನರ ಒಡವೆ ಹೋದದ್ದು ಎಲ್ಲ ಸೇರಿ ಆ ಪಟ್ಟಿಯಲ್ಲಿ ಒಂದೇ ಒಂದು ಪ್ರಕರಣವಾಗುತ್ತದೆ. ಅದೂ ಕೃತ್ಯ ನಡೆದ ಚಡಚಣದ, ವಿಜಯಪುರ ಜಿಲ್ಲೆಯ ಲೆಕ್ಕಕ್ಕೆ. ಚೀಲ ಸಿಕ್ಕ ಮಾಳಿಗೆ ನಮ್ಮದಾದರೂ ಆ ದರೋಡೆ ನಮ್ಮ ಪಟ್ಟಿಗೆ ಬರುವುದಿಲ್ಲ. ನಮ್ಮ ಕುರಿ, ನಮ್ಮ ವೈರು ನಾವೇ ಬರೆಸಲಿಲ್ಲವಾದ್ದರಿಂದ ಅವೂ ಬರುವುದಿಲ್ಲ. ಕಾಗದದ ಮೇಲೆ ಹುಲಜಂತಿ ತಣ್ಣಗಿರುತ್ತದೆ. ರಾತ್ರಿ ಗಸ್ತಿನ ಗಾಡಿ ಎತ್ತ ಹೋಗಬೇಕು ಎಂದು ಠಾಣೆಯಲ್ಲಿ ಗೊತ್ತುಮಾಡುವಾಗ ನೋಡುವುದು ಆ ಕಾಗದವನ್ನೇ.

ಬ್ಯೂರೊ ತನ್ನ ವರದಿಯಲ್ಲಿಯೇ ಎಚ್ಚರಿಸುತ್ತದೆ: ದಾಖಲಾದ ಪ್ರಕರಣ ಹೆಚ್ಚಾಯಿತು ಎಂದರೆ ಅಪರಾಧವೇ ಹೆಚ್ಚಾಯಿತು ಎಂದು ತಿಳಿಯಬೇಡಿ, ಅವು ಬೇರೆ ಬೇರೆ ಸಂಗತಿಗಳು ಎಂದು. ಈ ಮಾತನ್ನು ಪ್ರತಿ ಊರಿನ ಚಾವಡಿಯಲ್ಲಿ ಓದಿಸಬೇಕು. ಒಬ್ಬ ಒಳ್ಳೆಯ ಫೌಜದಾರ ಬಂದು, ಬಂದವರನ್ನೆಲ್ಲ ಕೂಡಿಸಿ, ನೀರು ಕೊಟ್ಟು, ದೂರು ಬರೆಸಿಕೊಂಡರೆ ಆ ವರ್ಷ ಠಾಣೆಯ ಅಂಕಿ ಏರುತ್ತದೆ. ಆಗ ನಾವು "ಈತ ಬಂದ ಮೇಲೆ ಕಳವು ಹೆಚ್ಚಾದವು" ಅನ್ನುತ್ತೇವೆ. ದೂರು ಹೇಳಲು ಬಂದವರನ್ನು ಗದರಿಸಿ ಕಳಿಸಿದವನ ಕಾಲದಲ್ಲಿ ಅಂಕಿ ಇಳಿಯುತ್ತದೆ, ಅವನಿಗೆ ಶಾಲು ಹೊದಿಸುತ್ತೇವೆ. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಒಳ್ಳೆಯ ಪೊಲೀಸರಿಗೆ ನಾವು ಮಾಡಲಾರೆವು. ಇಂಗ್ಲೆಂಡಿನಲ್ಲಿ ಈ ತೊಡಕನ್ನು ಬಿಡಿಸಲು 1982ರಿಂದ ಮನೆಮನೆಗೆ ಹೋಗಿ "ಕಳೆದ ವರ್ಷ ನಿಮಗೆ ಏನೇನಾಯಿತು, ಅದರಲ್ಲಿ ಎಷ್ಟನ್ನು ಪೊಲೀಸರಿಗೆ ಹೇಳಿದಿರಿ" ಎಂದು ಕೇಳುವ ಸಮೀಕ್ಷೆ ನಡೆಸುತ್ತಿದ್ದಾರೆ. ಜನ ಹೇಳುವ ಲೆಕ್ಕ ಠಾಣೆಯ ಲೆಕ್ಕಕ್ಕಿಂತ ಬಹಳ ದೊಡ್ಡದಾಗಿ ಬರುತ್ತದೆ.

ಪೇಟೆಯ ಅಂಕಿಯನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಅಪರಾಧದ ಪ್ರಮಾಣವನ್ನು ಒಂದು ಲಕ್ಷ ಜನಸಂಖ್ಯೆಗೆ ಇಷ್ಟು ಎಂದು ಹೇಳುತ್ತಾರೆ. ಜನಸಂಖ್ಯೆ ಅಂದರೆ ಅಲ್ಲಿಯ ನಿವಾಸಿಗಳು. ಅಕ್ಕಲಕೋಟೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 40 ಸಾವಿರ. ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ, ಹುಣ್ಣಿಮೆಗೆ ಬರುವವರನ್ನು ಅದರಲ್ಲಿ ಯಾರೂ ಕೂಡಿಸುವುದಿಲ್ಲ. ಪಂಢರಪುರದ ಗಣತಿ ಒಂದು ಲಕ್ಷ ಮುಟ್ಟಲಿಲ್ಲ, ಆಷಾಢದ ಏಕಾದಶಿಗೆ ಅಲ್ಲಿ ನಿಲ್ಲುವವರು ಅದರ ಹತ್ತುಪಟ್ಟು. ದರ್ಶನದ ಸಾಲಿನಲ್ಲಿ ಸರ ಹೋದರೆ ಅದು ಆ ಊರಿನ ಪಾಲಿಗೆ ಬೀಳುತ್ತದೆ. ಬಸ್ಸಿಗೆ ಹೊತ್ತಾಯಿತೆಂದು ಹೇಳದೆ ಹೋದ ಯಾತ್ರಿಕರ ಸರ ಯಾವ ಊರಿನ ಪಾಲಿಗೂ ಬೀಳುವುದಿಲ್ಲ. ಆದ್ದರಿಂದ ಅಕ್ಕಲಕೋಟೆಯ ಪೇಟೆ ಕೆಟ್ಟದ್ದು, ನಮ್ಮೂರು ಒಳ್ಳೆಯದು ಎಂಬ ಮಾತನ್ನು ಇಂಥ ಅಂಕಿ ಹಿಡಿದು ಆಡಬೇಡಿ. ನಮ್ಮ ದೀಪಾವಳಿ ಜಾತ್ರೆಗೂ ಇದೇ ಮಾತು. ಅಮಾವಾಸ್ಯೆಯ ರಾತ್ರಿ ಮಹಾಲಿಂಗರಾಯನ ಗುಡಿಗೆ ಮುಂಡಾಸ ಸುತ್ತುವುದನ್ನು ನೋಡಲು, ಮರುದಿನ ಪಲ್ಲಕ್ಕಿಗಳ ಭೇಟಿಯಲ್ಲಿ ಭಂಡಾರ ಹಾರಿಸಲು ಕರ್ನಾಟಕದಿಂದ, ಆಂಧ್ರದಿಂದ ಜನ ಲಕ್ಷಗಟ್ಟಲೆ ಬರುತ್ತಾರೆ. ಅವರ ಜೇಬಿಗೆ ಕತ್ತರಿ ಬಿದ್ದರೆ ಅವರನ್ನು ಪೊಲೀಸ್ ಮಂಟಪದವರೆಗೆ ಕೈಹಿಡಿದು ಕರೆದೊಯ್ಯುವುದು ನಮ್ಮ ಧರ್ಮ. ದೇವರ ಊರಿಗೆ ಬಂದವರು ಕಳಕೊಂಡು ಬಾಯಿ ಕಟ್ಟಿಕೊಂಡು ಹೋಗಬಾರದು.

ಬರೆಸುವುದು ಹೇಗೆ, ಕೇಳಿ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ನಿಮಗೆ ಬೇಕಾದದ್ದೆಲ್ಲ ಇದೆ. ಕೃತ್ಯ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದಕ್ಕೆ ಶೂನ್ಯ ಎಫ್‌ಐಆರ್ ಎನ್ನುತ್ತಾರೆ, ಬರೆದುಕೊಂಡ ಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ. ಬೆಳಿಗ್ಗೆ ಚಡಚಣದ ಸಂತೆ, ಸಂಜೆ ಸೋಲಾಪುರದ ಆಸ್ಪತ್ರೆ ಎಂದು ಎರಡು ರಾಜ್ಯಗಳಲ್ಲಿ ಓಡಾಡುವ ನಮ್ಮಂಥ ಗಡಿಯವರಿಗೆ ಇದರಷ್ಟು ಉಪಕಾರದ ಮಾತು ಮತ್ತೊಂದಿಲ್ಲ. "ಅದು ಕರ್ನಾಟಕದ್ದು, ಅಲ್ಲಿಗೆ ಹೋಗು" ಎಂದು ಯಾರಾದರೂ ಹೇಳಿದರೆ ಈ ಕಲಮಿನ ಹೆಸರು ಹೇಳಿ, ಮೆತ್ತಗೆ ಹೇಳಿ, ಆದರೆ ಎದ್ದು ಬರಬೇಡಿ. ಫೋನಿನ ಮೂಲಕ, ಆನ್‌ಲೈನ್ ಮೂಲಕವೂ ತಿಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಪೊಲೀಸರೇ ತನಿಖೆ ಮಾಡಬಹುದಾದ ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ, ಲಲಿತಾ ಕುಮಾರಿ ಪ್ರಕರಣದಲ್ಲಿ, ಹೇಳಿದೆ. ಆದರೂ ತಕ್ಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠರಿಗೆ ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸುವುದೂ ಈಗ ಪೊಲೀಸರ ಮೇಲಿನ ಹೊಣೆ.

ಹೊಸ ಕಾನೂನಿನಲ್ಲಿ ಬಡವರು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವನು ಅದನ್ನು ತಿರುಗಿ ಕೊಟ್ಟರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಅಂಥ ಸಣ್ಣ ಕಳವಿನಲ್ಲಿ ಕೋರ್ಟಿನ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಠಾಣೆಯವರು ಅದನ್ನು ನಾನ್-ಕಾಗ್ನಿಜೆಬಲ್, ಅಂದರೆ ಎನ್‌ಸಿ ಎಂದು ಬರೆದು ಕಳಿಸುತ್ತಾರೆ. ಆದ್ದರಿಂದ ಹೋದ ವಸ್ತುವಿನ ಬೆಲೆಯನ್ನು ಸರಿಯಾಗಿ ಹೇಳಿ. "ಒಂದು ಕುರಿ ಸಾಹೇಬರೇ" ಎಂದಷ್ಟೇ ಹೇಳಿ ನಿಲ್ಲಬೇಡಿ. ಮಾಡಗ್ಯಾಳದ ತಳಿಯ ಟಗರಿನ ಬೆಲೆ ಎಷ್ಟೆಂದು ಕುರಿಗಾರರಿಗೆ ಗೊತ್ತು, ಮೇಜಿನ ಆಚೆ ಕೂತವರಿಗೆ ಗೊತ್ತಿರಬೇಕೆಂದಿಲ್ಲ. ಪಾವತಿ ಇದ್ದರೆ ತೋರಿಸಿ, ಇಲ್ಲದಿದ್ದರೆ ಸಂತೆಯ ದರ ಹೇಳಿ. ಬೆಲೆಯನ್ನು ಹಿಗ್ಗಿಸಿಯೂ ಹೇಳಬೇಡಿ, ಸುಳ್ಳು ಒಂದು ಕಡೆ ಸಿಕ್ಕಿಬಿದ್ದರೆ ನಿಮ್ಮ ಖರೇ ಮಾತೂ ನಿಲ್ಲುವುದಿಲ್ಲ. ಎನ್‌ಸಿ ಆದರೂ ಬರೆಸುವುದನ್ನು ಬಿಡಬೇಡಿ. ಒಂದೇ ತಿಂಗಳಲ್ಲಿ ಒಂದೇ ದಾರಿಯ ನಾಲ್ಕು ವಸ್ತಿಗಳಿಂದ ಎನ್‌ಸಿ ಬಂದರೆ ಕಣ್ಣಿದ್ದ ಅಧಿಕಾರಿಗೆ ಅಷ್ಟೇ ಸಾಕು.

ಭಾಷೆಯ ಮಾತೂ ಇದೆ. ನಮ್ಮ ಮನೆಗಳಲ್ಲಿ ಕನ್ನಡ, ಠಾಣೆಯಲ್ಲಿ ಮರಾಠಿ. ನಮ್ಮ ಹಿರಿಯ ಹೆಣ್ಣುಮಕ್ಕಳು ಮರಾಠಿಯಲ್ಲಿ ಸಂತೆ ಮಾಡಬಲ್ಲರು, ಆದರೆ ಮನೆಗೆ ಕಳ್ಳ ನುಗ್ಗಿದ ರಾತ್ರಿಯ ಕತೆಯನ್ನು ಮರಾಠಿಯಲ್ಲಿ ಹೇಳಬೇಕಾದಾಗ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಬರೆದುಕೊಂಡದ್ದನ್ನು ಹೇಳಿದವರಿಗೆ ಓದಿ ತೋರಿಸಬೇಕೆಂದು ಕಾನೂನೇ ಹೇಳುತ್ತದೆ. ಓದಿದ್ದನ್ನು ಕನ್ನಡದಲ್ಲಿ ತಿಳಿಸಿ ಹೇಳುವವರೊಬ್ಬರು ಪಕ್ಕದಲ್ಲಿ ಇರಲಿ, ತಿಳಿದ ಮೇಲೆಯೇ ಸಹಿ, ಹೆಬ್ಬೆಟ್ಟು. ಶಾಲೆ ಕಲಿತ ತಂಗ್ಯಂದಿರಾ, ಈ ಕೆಲಸ ನಿಮ್ಮದು. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂಬುದೂ ಕಾನೂನಿನಲ್ಲಿದೆ. ಎಲ್ಲಕ್ಕಿಂತ ಹೆಚ್ಚು ಮುಚ್ಚಿಹೋಗುವ ಲೆಕ್ಕ ಅದು. ಮನೆಯ ಮರ್ಯಾದೆ ಎಂದು ಬಾಯಿ ಮುಚ್ಚಿಸುವ ಹಿರಿಯರು ನಮ್ಮಲ್ಲಿದ್ದಾರೆ. ಹಿರಿಯನಾಗಿಯೇ ಹೇಳುತ್ತೇನೆ, ಆ ಮಾತಿಗೆ ಕಿವಿಗೊಡಬೇಡಿ.

ಊರೊಳಗೆ ಮೊದಲು ಹೇಳಬೇಕಾದವರು ಪೊಲೀಸ್ ಪಾಟೀಲರು. ಮಹಾರಾಷ್ಟ್ರ ಗ್ರಾಮ ಪೊಲೀಸ್ ಕಾಯ್ದೆ 1967ರದು. ಅದರ ಪ್ರಕಾರ ಊರಲ್ಲಿ ನಡೆದದ್ದನ್ನು ಠಾಣೆಗೆ ತಿಳಿಸುವುದು ಅವರ ಕರ್ತವ್ಯ, ಉಪಕಾರವಲ್ಲ. 2024ರಲ್ಲಿ ಸರ್ಕಾರ ಅವರ ಗೌರವಧನವನ್ನು ತಿಂಗಳಿಗೆ 15 ಸಾವಿರಕ್ಕೆ ಏರಿಸಿತು. ಆದ್ದರಿಂದ ನಡುರಾತ್ರಿ ಬಾಗಿಲು ಬಡಿಯಲು ಸಂಕೋಚ ಬೇಡ. ನಮ್ಮ ಊರುಗಳನ್ನು ನೋಡಿಕೊಳ್ಳುವ ಬೀಟ್ ಅಮಲ್ದಾರರ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಗಡಿಯಾಚೆ ಕರ್ನಾಟಕದಲ್ಲಿ 2025ರ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಎಂದು ಶುರುಮಾಡಿದರು. ಬೀಟಿನ ಪೇದೆ ತಾನೇ ಮನೆಗೆ ಬಂದು ಏನು ತೊಂದರೆ ಎಂದು ಕೇಳುವ ಪದ್ಧತಿ. ಒಳ್ಳೆಯ ವಿಚಾರ. ನಮ್ಮಲ್ಲಿ ಅವರು ಬರುವತನಕ ಕಾಯಬೇಡಿ, ಗ್ರಾಮಸಭೆಗೆ ಅವರನ್ನು ಕರೆಯಿರಿ. ತುರ್ತಿಗೆ ಎರಡೂ ರಾಜ್ಯಗಳಲ್ಲಿ ನಂಬರ್ ಒಂದೇ, 112. ಗಡಿಯಲ್ಲಿ ನಿಂತು ಮಾತಾಡುವವರು ಮೊದಲು ರಾಜ್ಯ, ಜಿಲ್ಲೆ, ತಾಲೂಕು, ಊರು ಹೇಳಿ, ಆಮೇಲೆ ಉಳಿದದ್ದು. ಬ್ಯಾಂಕಿನ ದುಡ್ಡು ಮೊಬೈಲಿನಿಂದ ಹೋದರೆ 1930ಕ್ಕೆ, ಅದೂ ಗೊತ್ತಾದ ಗಳಿಗೆಯಲ್ಲಿಯೇ.

ಇನ್ನು ಹೇಳುವ ಮಾತು ಕಹಿ. ಆದರೆ ಇದಕ್ಕಾಗಿಯೇ ಮೇಲಿನದನ್ನೆಲ್ಲ ಹೇಳಿದೆ.

2018ರ ಜುಲೈ 1, ಭಾನುವಾರ. ಧುಳೆ ಜಿಲ್ಲೆಯ ಸಾಕ್ರಿ ತಾಲೂಕಿನ ರಾಯೀನಪಾಡಾ. ಸಂತೆಯ ದಿನ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಹರಿದಾಡುತ್ತಿತ್ತು. ಭಿಕ್ಷೆಗೆ ಬಂದಿದ್ದ ಐದು ಜನರನ್ನು ಗುಂಪು ಹಿಡಿದು, ಗ್ರಾಮ ಪಂಚಾಯತಿಯ ಕೋಣೆಗೆ ಎಳೆದೊಯ್ದು ಬಡಿದು ಕೊಂದಿತು. ಅವರು ನಾಥಪಂಥಿ ಡವರಿ ಗೋಸಾವಿಗಳು, ತಲೆತಲಾಂತರದಿಂದ ಊರೂರು ತಿರುಗಿ ಬದುಕಿದವರು. ಅವರಲ್ಲಿ ನಾಲ್ವರು ಎಲ್ಲಿಯವರು ಬಲ್ಲಿರಾ? ನಮ್ಮ ಮಂಗಳವೇಢೆ ತಾಲೂಕಿನವರು. ಐದನೆಯವರು ಕರ್ನಾಟಕದವರು. ಅವರನ್ನು ಕೊಂದ ಗುಂಪೂ ತನ್ನ ಊರನ್ನು ಕಾಯುತ್ತಿದ್ದೇನೆ ಎಂದೇ ತಿಳಿದಿತ್ತು. ಅಲ್ಲಿ ಒಬ್ಬನಾದರೂ ಠಾಣೆಯ ಮಾತು ಬರುವತನಕ ಕೈ ತಡೆದು ನಿಂತಿದ್ದರೆ ನಮ್ಮ ತಾಲೂಕಿನ ಹೆಣ್ಣುಮಕ್ಕಳು ವಿಧವೆಯರಾಗುತ್ತಿರಲಿಲ್ಲ.

ಚಡಚಣದ ದರೋಡೆಯ ಮೇಲೆ ನಮ್ಮ ಹುಡುಗರ ಮೊಬೈಲುಗಳಲ್ಲಿಯೂ ಇಂಥ ಸುದ್ದಿಗಳು ಹೊರಳಾಡುತ್ತಿವೆ. ಗುರುತಿಲ್ಲದ ಗಾಡಿ, ಗುರುತಿಲ್ಲದ ಮುಖ, ಹೊರರಾಜ್ಯದ ಕೂಲಿಯವರು, ಕಂಬಳಿ ಮಾರುವವರು, ಭವಿಷ್ಯ ಹೇಳುವವರು. ರಾತ್ರಿ ಗಸ್ತು ತಿರುಗುವ ನಿಮ್ಮ ಉತ್ಸಾಹ ನನಗೆ ಇಷ್ಟ. ಅದನ್ನು ಗ್ರಾಮ ಸುರಕ್ಷಾ ದಳವಾಗಿ, ಠಾಣೆಗೆ ಹೆಸರು ಕೊಟ್ಟು, ಪೊಲೀಸ್ ಪಾಟೀಲರ ಮುಂದೆ ಮಾಡಿ. ಕೈಯಲ್ಲಿ ಬ್ಯಾಟರಿ, ಸೀಟಿ ಇರಲಿ. ಕಣ್ಣೆದುರಿಗೇ ಜಾಮೀನಿಲ್ಲದಂಥ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಜನರೂ ಹಿಡಿಯಬಹುದು, ಆದರೆ ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು ಎಂದು ಕಾನೂನು ಹೇಳುತ್ತದೆ. ಕಟ್ಟಿಹಾಕಿ ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಐದು ಅಥವಾ ಹೆಚ್ಚು ಜನ ಕೂಡಿ ಜಾತಿ, ಭಾಷೆ, ಹುಟ್ಟಿದ ಊರು ಮುಂತಾದವನ್ನು ಕಾರಣ ಮಾಡಿ ಒಬ್ಬರನ್ನು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಲ್ಲಿ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೆ ಜೀವಾವಧಿ. ಯಾರ ಏಟಿಗೆ ಸತ್ತ ಎಂದು ಕೇಳುವುದಿಲ್ಲ.

ಹೊರಗಿನವನೇ ಕಳ್ಳ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಚಡಚಣಕ್ಕಿಂತ ನಾಲ್ಕು ತಿಂಗಳು ಮೊದಲು, 2025ರ ಮೇ ತಿಂಗಳಲ್ಲಿ, ಅದೇ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕಿಲೊ ಬಂಗಾರ ಹೋಯಿತು. ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರೊಬ್ಬರು ಇದ್ದರು. ಜೋಳಿಗೆ ಹೊತ್ತವನ ಮೇಲೆ ಕಣ್ಣಿಟ್ಟು ಕೂತಿದ್ದರೆ ಅದು ಸಿಗುತ್ತಿತ್ತೇ?

ನಮ್ಮ ಸೋಲಾಪುರ ಜಿಲ್ಲೆಗೆ ಈ ಪಾಠ ಹೊಸದಲ್ಲ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಇಂಥ ಜಾತಿಯಲ್ಲಿ ಹುಟ್ಟಿದವರೆಲ್ಲ ಹುಟ್ಟಾ ಕಳ್ಳರು ಎಂದು ಬರೆದಿಟ್ಟರು. ಸೋಲಾಪುರ, ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ವಸಾಹತು ಮಾಡಿ, ಸೋಲಾಪುರದಲ್ಲಂತೂ ತಂತಿಬೇಲಿಯೊಳಗೆ, ಪಾರಧಿ, ಕೈಕಾಡಿ ಮೊದಲಾದ ಜನರನ್ನು ಕೂಡಿಹಾಕಿ ಹಾಜರಿ ತಕ್ಕೊಂಡರು. ಹಾಜರಿ ತಪ್ಪಿದ್ದೇ ಒಂದು ಅಪರಾಧ. ಆ ಅಪರಾಧಗಳನ್ನು ಎಣಿಸಿ "ನೋಡಿ, ಇವರಲ್ಲಿ ಎಷ್ಟು ಅಪರಾಧಿಗಳು" ಎಂದರು. ಪೊಲೀಸರ ಕಣ್ಣು ಎತ್ತ ನೆಟ್ಟಿರುತ್ತದೋ ಅತ್ತಲೇ ಅಂಕಿ ಬೆಳೆಯುತ್ತದೆ. ಆ ಕಾಯ್ದೆ ಹೋದದ್ದು 1952ರ ಆಗಸ್ಟ್ 31ಕ್ಕೆ. ಸೋಲಾಪುರದ ಆ ಭಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ, ಆ ಜನರ ಮೇಲಿನ ಸಂಶಯವೂ ಉಳಿದಿದೆ. ನಿಮ್ಮ ಕಾಲಕ್ಕಾದರೂ ಅದು ಹೋಗಲಿ.

ಪೊಲೀಸರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಸೋಲಾಪುರವೇ ಸಾಕ್ಷಿ. 2021ರಲ್ಲಿ ಗ್ರಾಮೀಣ ಪೊಲೀಸ್ ವರಿಷ್ಠೆಯಾಗಿದ್ದ ತೇಜಸ್ವಿ ಸಾತಪುತೆಯವರು 'ಆಪರೇಷನ್ ಪರಿವರ್ತನ' ಶುರುಮಾಡಿದರು. ಮುಳೆಗಾಂವ ತಾಂಡಾದಂಥ ಕಡೆ ಎಷ್ಟು ದಾಳಿ ಮಾಡಿದರೂ ಭಟ್ಟಿ ಸಾರಾಯಿ ನಿಂತಿರಲಿಲ್ಲ. ದಾಳಿಯ ಅಂಕಿ ಏರುತ್ತಿತ್ತು, ಮರುವಾರ ಒಲೆ ಮತ್ತೆ ಹೊತ್ತುತ್ತಿತ್ತು. ಅವರು ಒಬ್ಬೊಬ್ಬ ಅಧಿಕಾರಿಗೆ ಒಂದೊಂದು ಊರು ದತ್ತು ಕೊಟ್ಟರು. ಭಟ್ಟಿ ಬಿಟ್ಟವರಿಗೆ ಬೇರೆ ದುಡಿಮೆಯ ದಾರಿ ಮಾಡಿಕೊಡುವುದನ್ನೂ ಪೊಲೀಸರ ಕೆಲಸವೆಂದು ತಿಳಿದರು. ಹೊಲಿಗೆ, ಕಿರಾಣಿ ಅಂಗಡಿ, ದನ ಕುರಿ ಸಾಕಣೆ ಎಂದು ಎಷ್ಟೋ ಮನೆಗಳು ಬದಲಾದವು. ಅಧಿಕಾರಿಗಳಿಗೆ ಆ ಮನೆಗಳ ಹೆಸರು ಗೊತ್ತಿತ್ತು, ಆ ಮನೆಯವರಿಗೆ ಅಧಿಕಾರಿಗಳ ಹೆಸರು ಗೊತ್ತಿತ್ತು. ನೆರೆಹೊರೆಯ ಪೊಲೀಸ್ ವ್ಯವಸ್ಥೆ ಅಂದರೆ ನನ್ನ ತಿಳಿವಳಿಕೆಯಲ್ಲಿ ಇಷ್ಟೇ.

ದೀಪಾವಳಿ ಜಾತ್ರೆಗೆ ಮೊದಲು ಒಂದು ಗ್ರಾಮಸಭೆ ಕರೆಯಿರಿ. ಬೀಟ್ ಅಮಲ್ದಾರರನ್ನೂ ಪೊಲೀಸ್ ಪಾಟೀಲರನ್ನೂ ಕೂಡಿಸಿ, ಅವರ ಫೋನ್ ನಂಬರನ್ನು ಗುಡಿಯ ಗೋಡೆಯ ಮೇಲೆ, ಶಾಲೆಯ ಗೋಡೆಯ ಮೇಲೆ, ಕನ್ನಡ ಮರಾಠಿ ಎರಡರಲ್ಲೂ ಬಣ್ಣದಲ್ಲಿ ಬರೆಸಿ. ಕಳೆದ ವರ್ಷ ಯಾರ್ಯಾರ ಮನೆಯಿಂದ ಏನೇನು ಹೋಯಿತು, ಯಾರು ಬರೆಸಿದರು, ಯಾರು ಬಿಟ್ಟರು ಎಂದು ಗಲ್ಲಿ ಗಲ್ಲಿಗೆ, ವಸ್ತಿ ವಸ್ತಿಗೆ ಹೋಗಿ ಕೇಳಿ ಒಂದು ವಹಿಯಲ್ಲಿ ಬರೆದು ಆ ಸಭೆಯಲ್ಲಿ ಓದಿ. ಬರವಣಿಗೆ ಬಲ್ಲ ಹುಡುಗ ಹುಡುಗಿಯರು ನಾಲ್ಕು ಜನ ಮುಂದೆ ಬಂದರೆ ಸಾಕು, ಈ ವಾರವೇ ಶುರುಮಾಡಿ.